ಬಟ್ಟೆ ಸುತ್ತಿದ ಬಂದೂಕು

ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಬಂದೂಕು ಇತ್ತು. ನಳಿಗೆಯ ಬಾಯಿಂದ ಮದ್ದು ಹಾಕಿ, ಚಿಂದಿ ತುರುಕಿ, ಚರೆ ಸುರಿದು, ಗಜದಿಂದ ಜಡಿದು ಹೊಡೆಯುವಂಥದ್ದು. ಹಿರೇಹಡಗಲಿಯ ಹೊರಗಿನ ನಮ್ಮ ಹೊಲದಲ್ಲಿ ಜೋಳ ಹಾಲುಗಾಳಿಗೆ ಬಂತೆಂದರೆ ಕಾಡುಹಂದಿಗಳ ಹಿಂಡು ಇಳಿಯುತ್ತಿತ್ತು. ಅಜ್ಜ ಅಟ್ಟಣಿಗೆ ಮೇಲೆ ಕೂತು ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಆ ರಾತ್ರಿಗೆ ಸಾಕಾಗುತ್ತಿತ್ತು. ಅವನು ಒಂದು ಪ್ರಾಣಿಯನ್ನೂ ಹೊಡೆದು ತಂದದ್ದು ನಾನು ನೋಡಿಲ್ಲ. ನೋಡಿದ್ದು ಬೇರೆ. ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಒಯ್ಯುವಾಗ ಆ ಬಂದೂಕಿಗೆ ಹಳೇ ಕಂಬಳಿಯ ತುಂಡು ಸುತ್ತಿ, ಹುರಿಯಿಂದ ಎರಡು ಕಡೆ ಬಿಗಿದಿರುತ್ತಿದ್ದ. ಊರೊಳಗೆ ಅದರ ಮೂತಿ ಯಾರಿಗೂ ಕಂಡದ್ದಿಲ್ಲ. ಒಮ್ಮೆ ಕೇಳಿದೆ, “ಯಾಕಜ್ಜ ಮುಚ್ಚತಿ?” “ಹೆಣ್ಮಕ್ಳು ಸಣ್ಣ ಮಕ್ಳು ತಿರುಗಾಡೋ ದಾರಿ ಇದು. ಅವರಿಗ್ಯಾಕ ತೋರಿಸಬೇಕಲೇ?” ಅಂದ.

ಚುನಾವಣೆ ಘೋಷಣೆಯಾದರೆ ಅಜ್ಜ ಅದೇ ಕಂಬಳಿ ತುಂಡಿನಲ್ಲಿ ಬಂದೂಕು ಸುತ್ತಿಕೊಂಡು ಪೊಲೀಸ್ ಠಾಣೆಗೆ ನಡೆಯುತ್ತಿದ್ದ. ಠಾಣೆಯವರು ಲೈಸೆನ್ಸ್ ಪುಸ್ತಕ ನೋಡಿ, ಹಿಡಿಕೆಗೆ ಹೆಸರಿನ ಚೀಟಿ ಕಟ್ಟಿ, ರಸೀದಿ ಕೊಡುತ್ತಿದ್ದರು. ಫಲಿತಾಂಶ ಬಂದು ಎಲ್ಲ ತಣ್ಣಗಾದ ಮೇಲೆ ಹೋಗಿ ತರುವುದು. ಆ ನಡುವೆ ಹಂದಿ ಹೊಲಕ್ಕೆ ನುಗ್ಗಿದರೆ ಡಬ್ಬಿ ಬಡಿಯುವುದೇ ಗತಿ. ಈಗಲೂ ನಮ್ಮ ಕಡೆ ಬೆಳೆ ರಕ್ಷಣೆಗೆಂದು ಬಂದೂಕು ಇಟ್ಟುಕೊಂಡ ರೈತರ ಪಾಡು ಇದೇ.

2026ರ ಜನವರಿ 1ರ ರಾತ್ರಿ ಬಳ್ಳಾರಿಯಿಂದ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಕಂಬಳಿ ತುಂಡು. ಜನವರಿ 3ಕ್ಕೆ ವಾಲ್ಮೀಕಿ ಪುತ್ಥಳಿಯ ಅನಾವರಣ ನಿಗದಿಯಾಗಿತ್ತು. ಅದರ ಬ್ಯಾನರನ್ನು ಶಾಸಕ ಜನಾರ್ದನ ರೆಡ್ಡಿ ಅವರ ಮನೆ ಮುಂದೆ ಕಟ್ಟುವ ವಿಚಾರಕ್ಕೆ ಮಾತಿಗೆ ಮಾತು ಬೆಳೆಯಿತು. ಅವರ ಕಡೆಯವರು, ಬಳ್ಳಾರಿ ನಗರ ಶಾಸಕ ಭರತ್ ರೆಡ್ಡಿ ಅವರ ಕಡೆಯವರು ಎದುರುಬದುರಾದರು. ಕಲ್ಲು ತೂರಿದರು. ಆಮೇಲೆ ಗುಂಡು ಹಾರಿತು. ಕಾಂಗ್ರೆಸ್ಸಿನ ಒಬ್ಬ ಯುವ ಕಾರ್ಯಕರ್ತ ಗುಂಡೇಟಿಗೆ ಪ್ರಾಣ ಬಿಟ್ಟ. ಆವತ್ತೇ ಅಧಿಕಾರ ವಹಿಸಿಕೊಂಡಿದ್ದ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯನ್ನು ಸರ್ಕಾರ ಅಮಾನತು ಮಾಡಿತು. ಯುವಕನಿಗೆ ತಗುಲಿದ ಗುಂಡು ಪೊಲೀಸರದ್ದಲ್ಲ, ಖಾಸಗಿ ಗನ್‌ಮ್ಯಾನ್ ಹಿಡಿದಿದ್ದ ಬಂದೂಕಿನದು ಎಂದು ತನಿಖೆ ಹೇಳಿತು.

ಯಾರ ತಪ್ಪು ಎಷ್ಟು ಅನ್ನುವುದನ್ನು ನ್ಯಾಯಾಲಯ ತೀರ್ಮಾನಿಸಲಿ. ನನ್ನನ್ನು ಕಾಡುವುದು ಬೇರೆಯೇ. ಒಂದು ಫ್ಲೆಕ್ಸ್ ಕಟ್ಟುವ ಜಾಗಕ್ಕೆ ತೋಟಾ ತುಂಬಿದ ಬಂದೂಕು ಯಾಕೆ ಬಂತು? ಹಿರೇಹಡಗಲಿಯವರಾದ ನಮಗೆ ಬಳ್ಳಾರಿ ಪರಸ್ಥಳವಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವ ತನಕ ನಮ್ಮ ಜಿಲ್ಲಾ ಕೇಂದ್ರ ಅದೇ. ಜಮೀನಿನ ತಕರಾರಿಗೆ, ದೊಡ್ಡಾಸ್ಪತ್ರೆಗೆ, ಅಜ್ಜನ ಲೈಸೆನ್ಸ್ ನವೀಕರಣಕ್ಕೆ ನಾವು ಬಸ್ಸು ಹತ್ತುತ್ತಿದ್ದುದು ಆ ಊರಿಗೇ.

ನನ್ನ ನೆನಪಿನ ಬಳ್ಳಾರಿಯಲ್ಲಿ ಗನ್‌ಮ್ಯಾನ್ ಎಂದರೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತ ನಿವೃತ್ತ ಸೈನಿಕ. ಗಣಿ ಕಾಲ ಬಂದು ಅದನ್ನು ಬದಲಿಸಿತು. ಚೀನಾದಲ್ಲಿ ಅದಿರಿಗೆ ಬೆಲೆ ಏರಿದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯ ರಸ್ತೆಗಳ ಮೇಲೆ ಲಾರಿಗಳ ಸಾಲು, ಕೆಂಪು ಧೂಳು, ಅದರ ನಡುವೆ ಕಪ್ಪು ಗಾಜಿನ ಕಾರುಗಳು. ಕಾರಿನ ಹಿಂದೆ ಇನ್ನೊಂದು ಕಾರು, ಅದರ ಕಿಟಕಿಯಿಂದ ಬಂದೂಕಿನ ನಳಿಗೆ. ಇವತ್ತು ದುಡ್ಡು ಕಂಡವನಿಗೆ ನಾಳೆ ಗನ್‌ಮ್ಯಾನ್ ಬೇಕು. ಇಬ್ಬರಿದ್ದವನಿಗೆ ನಾಲ್ವರು ಬೇಕು. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತವು. ಬಂದೂಕು ಹಿಡಿದವನನ್ನು ಹಿಂದೆ ಇಟ್ಟುಕೊಂಡು ಓಡಾಡುವುದೇ ದೊಡ್ಡಸ್ತಿಕೆ ಎಂಬ ತಿಳಿವಳಿಕೆ ಮಾತ್ರ ನಿಲ್ಲಲಿಲ್ಲ. ಅದು ಗಣಿಯಿಂದ ರಾಜಕೀಯಕ್ಕೆ, ರಾಜಕೀಯದಿಂದ ನಿವೇಶನ ಮಾರುವವರಿಗೆ, ಮರಳು ತೋಡುವವರಿಗೆ ಹಬ್ಬಿತು.

ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಯಾರದೋ ಸಮಾವೇಶಕ್ಕೆ ಹೋಗಿ ಬಂದವನು ಮೊಬೈಲ್ ತಂದು ನನ್ನ ಮುಖಕ್ಕೆ ಹಿಡಿದ. “ನೋಡ್ರಿ ಕಾಕಾ, ನಾಲ್ಕು ಮಂದಿ ಗನ್‌ಮ್ಯಾನ್ ಅದಾರ!” ನಾಯಕನ ಭಾಷಣದ ಒಂದು ಮಾತೂ ಅವನಿಗೆ ನೆನಪಿರಲಿಲ್ಲ. ಸಫಾರಿ ತೊಟ್ಟವನೊಬ್ಬನ ಪಕ್ಕ, ಅವನ ಬಂದೂಕಿನ ಹಿಡಿಕೆಗೆ ಕೈ ಮುಟ್ಟಿಸಿ ನಿಂತ ಫೋಟೊ ತೆಗೆಸಿಕೊಂಡಿದ್ದ. ಪದವಿ ಮುಗಿಸಿ ಮೂರು ವರ್ಷ ಕೆಲಸವಿಲ್ಲದೆ ಕೂತ ಹುಡುಗ. ಏಣಿ ಹತ್ತಿ ಫ್ಲೆಕ್ಸ್ ಕಟ್ಟುವುದಕ್ಕೆ, ಬೈಕ್ ರ‍್ಯಾಲಿಗೆ ಕರೆಯುವುದು ಇವನನ್ನೇ. ಬಳ್ಳಾರಿಯಲ್ಲಿ ಬಿದ್ದವನೂ ಇಂಥ ವಯಸ್ಸಿನವನೇ.

ಇನ್ನು ಕಾನೂನಿನ ಮಾತಿಗೆ ಬರೋಣ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು ಎಂಬುದೊಂದಿದೆ. ಸಾರ್ವಜನಿಕ ಜಾಗದಲ್ಲಿ ಬಂದೂಕನ್ನು ಒಯ್ಯುವುದಾದರೆ ಅದು ಪೂರ್ತಿ ಮುಚ್ಚಿರಬೇಕು. ಜನರ ನಡುವೆ ಬಂದೂಕು ಝಳಪಿಸಿದರೆ ಲೈಸೆನ್ಸೇ ರದ್ದಾಗಬಹುದು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಅಕ್ಷರ ಬಾರದ ನಮ್ಮಜ್ಜ ಕಂಬಳಿ ಸುತ್ತಿ ಪಾಲಿಸುತ್ತಿದ್ದುದನ್ನೇ ಭಾರತ ಸರ್ಕಾರ ಇಷ್ಟು ತಡವಾಗಿ ಬರೆದಿತ್ತು. ಆದರೆ ಮೆರವಣಿಗೆಯಲ್ಲಿ, ಮದುವೆ ಮನೆಯಲ್ಲಿ, ಮಠದ ಕಾರ್ಯಕ್ರಮದಲ್ಲಿ ಖಾಸಗಿ ಗನ್‌ಮ್ಯಾನ್ ಬಂದೂಕು ಎದೆಗೆ ಅಡ್ಡ ಹಿಡಿದು ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಬಂದೋಬಸ್ತಿನ ಪೊಲೀಸರು ಅದೇ ಜಾಗದಲ್ಲಿರುತ್ತಾರೆ. ಯಾರೂ “ಮುಚ್ಚಪ್ಪ ಅದನ್ನ” ಎನ್ನುವುದಿಲ್ಲ. ಲೈಸೆನ್ಸ್ ಕೊಟ್ಟ ಅಧಿಕಾರಿಗೆ ಅದನ್ನು ತಡೆಹಿಡಿಯುವ, ರದ್ದು ಮಾಡುವ ಅಧಿಕಾರವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮೇ ಕೊಟ್ಟಿದೆ. ರೈತನ ಕೇಪಿನ ಬಂದೂಕನ್ನು ವಾರದೊಳಗೆ ಠಾಣೆಗೆ ತರಿಸಿಕೊಳ್ಳಬಲ್ಲ ಆಡಳಿತಕ್ಕೆ ನಾಯಕರ ಬೆನ್ನ ಹಿಂದಿನ ಬಂದೂಕು ಕಾಣುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಬಂದೂಕು ಹೆಚ್ಚಾದದ್ದೇ ಹಿಂಸೆಗೆ ಕಾರಣ ಎಂದು ಕೆಲವರು ಒಂದೇ ಏಟಿಗೆ ಹೇಳಿಬಿಡುತ್ತಾರೆ. ಹಾಗಿದ್ದರೆ ಕೊಡಗಿನ ಬೀದಿಗಳಲ್ಲಿ ದಿನಾ ಗುಂಡು ಹಾರಬೇಕಿತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಅದನ್ನು 2029ರ ವರೆಗೆ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಅಲ್ಲಿ ಕೈಲ್‌ಪೋದ್ ಹಬ್ಬಕ್ಕೆ ಕೋವಿಯನ್ನು ತೊಳೆದು, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ. ಅಲ್ಲಿಯೂ ಕೋವಿ ಜಗಳಕ್ಕೆ ಬಂದದ್ದುಂಟು, ಇಲ್ಲವೆನ್ನಲಾರೆ. ಆದರೂ ಅದು ಮನೆತನದ ಸ್ವತ್ತು, ಹಿರಿಯರ ಕಣ್ಗಾವಲಿನಲ್ಲಿ ಇರುವಂಥದ್ದು. ಬಾಡಿಗೆ ಗನ್‌ಮ್ಯಾನ್ ಹಿಡಿದ ಬಂದೂಕಿಗೆ ಊರಿಲ್ಲ, ಹಿರಿಯರಿಲ್ಲ. ತಿಂಗಳ ಪಗಾರ ಕೊಡುವವನ ಸಿಟ್ಟೇ ಅದಕ್ಕೆ ಅಪ್ಪಣೆ.

ಲೈಸೆನ್ಸೇ ಇಲ್ಲದ ಪಿಸ್ತೂಲುಗಳದು ಇನ್ನೊಂದು ಕಥೆ. ಮಧ್ಯಪ್ರದೇಶದ ಬಡವಾನಿ, ಖರಗೋನ್, ಧಾರ್ ಕಡೆಯಿಂದ, ಬಿಹಾರದ ಮುಂಗೇರ್‌ನಿಂದ ಇವು ಬರುತ್ತವೆ. ವಿಜಯಪುರ ಜಿಲ್ಲೆಯ ಇಂಡಿ, ಚಡಚಣದ ಭೀಮಾತೀರದಲ್ಲಿ ಮನೆತನದ ಹಗೆಗೆ ಇಂಥ ನಾಡಪಿಸ್ತೂಲು ದಶಕಗಳಿಂದ ಹೆಣ ಉರುಳಿಸುತ್ತ ಬಂದಿದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆ ಬಾಗಿಲಲ್ಲೇ ಕೊಂದ 7.65 ಎಂಎಂ ನಾಡಪಿಸ್ತೂಲೇ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನೂ ಕೊಂದಿತು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷ ಅದು ಎಲ್ಲೋ ಒಂದು ಮನೆಯಲ್ಲಿ, ಯಾರದೋ ಬಟ್ಟೆಗಳ ನಡುವೆ ಇದ್ದಿರಬೇಕು. 2025ರ ಜನವರಿ 16ರಂದು ಬೀದರದಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಹಾಡಹಗಲೇ ಗುಂಡು ಹಾರಿಸಿ, ಒಬ್ಬರನ್ನು ಕೊಂದು, ಹಣದ ಪೆಟ್ಟಿಗೆಯನ್ನು ಬೈಕಿನ ಮೇಲೆ ಹೇರಿಕೊಂಡು ಹೋದರು. ಮರುದಿನವೇ ಮಂಗಳೂರು ಬಳಿಯ ಕೋಟೆಕಾರಿನಲ್ಲಿ ಬಂದೂಕು ತೋರಿಸಿ ಸಹಕಾರಿ ಬ್ಯಾಂಕಿನ ಚಿನ್ನ ದೋಚಿದರು. ಈ ಜಾಲ ಕಡಿಯಲು ರಾಜ್ಯ ರಾಜ್ಯಗಳ ಪೊಲೀಸರು ಕೂಡಬೇಕು, ವರ್ಷಗಟ್ಟಲೆ ದುಡಿಯಬೇಕು. ಅದು ನನಗೆ ಅರ್ಥವಾಗುತ್ತದೆ.

ಕಣ್ಣ ಮುಂದೆ, ಲೈಸೆನ್ಸ್ ಸಮೇತ, ಹೆಸರು ವಿಳಾಸ ಸಮೇತ ನಿಂತ ಬಂದೂಕಿಗೆ ಅಷ್ಟೆಲ್ಲ ಬೇಕಿಲ್ಲ. ಬಳ್ಳಾರಿ, ವಿಜಯನಗರದ ಜಿಲ್ಲಾಧಿಕಾರಿಗಳು ಮನಸ್ಸು ಮಾಡಿದರೆ ಒಂದು ತಿಂಗಳ ಕೆಲಸ. ಯಾರ ಹಿಂದೆ ಎಷ್ಟು ಖಾಸಗಿ ಗನ್‌ಮ್ಯಾನ್‌ಗಳಿದ್ದಾರೆ, ಆ ಬಂದೂಕುಗಳ ಲೈಸೆನ್ಸ್ ಯಾವ ರಾಜ್ಯದ್ದು, ಇವರ ಜೀವಕ್ಕೆ ನಿಜವಾಗಿ ಯಾರಿಂದ ಬೆದರಿಕೆ ಎಂಬುದನ್ನು ತಾಲ್ಲೂಕುವಾರು ಬರೆದು ತರಿಸಿಕೊಳ್ಳಲಿ. ಬೆದರಿಕೆ ನಿಜವಾದರೆ ಪೊಲೀಸ್ ಕಾವಲು ಕೊಡಲಿ. ಸಭೆ, ಮೆರವಣಿಗೆ, ಪುತ್ಥಳಿ, ಜಾತ್ರೆಗೆ ಅನುಮತಿ ಕೊಡುವ ಕಾಗದದಲ್ಲೇ ಖಾಸಗಿ ಬಂದೂಕು ಬರಕೂಡದು ಎಂದು ಒಂದು ಸಾಲು ಬರೆಯಲಿ. ನಮ್ಮ ಕಡೆಯ ಮೈಲಾರದ ಜಾತ್ರೆಯಲ್ಲಿ ಕಾರಣಿಕದ ಭವಿಷ್ಯವಾಣಿ ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದರೆ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಆ ನಿಶ್ಶಬ್ದಕ್ಕೆ ಯಾರ ಬಂದೂಕೂ ಬೇಕಾಗಿಲ್ಲ.

ಅಜ್ಜ ತೀರಿಕೊಂಡ ಮೇಲೆ ಅಪ್ಪ ಬಂದೂಕನ್ನು ಠಾಣೆಗೆ ಒಪ್ಪಿಸಿದ. ತನ್ನ ಹೆಸರಿಗೆ ಲೈಸೆನ್ಸ್ ಕೇಳಲಿಲ್ಲ. ಬರುವಾಗ ಕಂಬಳಿ ತುಂಡನ್ನಷ್ಟೇ ವಾಪಸ್ ತಂದ. ಜನವರಿಯ ಆ ಸುದ್ದಿ ಬಂದ ಮರುದಿನ ಓಣಿಯ ಆ ಹುಡುಗನನ್ನು ಕರೆದು ಕೂರಿಸಿಕೊಂಡೆ. ಅವನೂ ವಿಡಿಯೊ ನೋಡಿದ್ದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, “ಕಾಕಾ, ಬ್ಯಾನರ್ ಕಟ್ಟಾಕ ಹೋಗಿದ್ರು ಅಲ್ರೀ ಅವರು?” ಹೌದಪ್ಪ ಅಂದೆ. ಮುಂದಿನ ವಾರ ಹಡಗಲಿಯಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಲು ಅವನನ್ನೂ ಕರೆದಿದ್ದರಂತೆ. ಹೋಗುತ್ತಾನೋ ಇಲ್ಲವೋ ಹೇಳಲಿಲ್ಲ.