ಬಾನೂಟದ ಬಟ್ಟಲು

ಉಂಡ ಎಲೆಯನ್ನು ಎತ್ತಿ ಎಸೆಯುವುದು ನಮ್ಮ ಸಂಪ್ರದಾಯ. ಯಾರೋ ಉಂಡ ತಟ್ಟೆಯನ್ನು ಹಣ ತೆತ್ತು ಕೊಂಡು, ಗಾಜಿನ ಬೀರುವಿನಲ್ಲಿಟ್ಟು ಮೆರೆಸುವ ಜನವೂ ಇದ್ದಾರೆಂದರೆ ಮನೆಯ ಅಜ್ಜಿಯಂದಿರು ಮೂಗಿನ ಮೇಲೆ ಬೆರಳಿಟ್ಟಾರು. ಆದರೂ ಹಳೆಯ ವಿಮಾನಗಳ ತಟ್ಟೆ, ಬಟ್ಟಲು, ಚಮಚ, ಊಟದ ಪಟ್ಟಿ ಮೊದಲಾದುವನ್ನು ಸಂಗ್ರಹಿಸುವ ಹವ್ಯಾಸವು ಯುರೋಪು ಅಮೆರಿಕಾಗಳಲ್ಲಿ ಬೇರುಬಿಟ್ಟು ಬೆಳೆದಿದೆ. ಇದು ಬರಿಯ ಮರುಳೆಂದು ಮೊದಲು ತೋರುವುದು ಸಹಜ. ತಟ್ಟೆಯನ್ನು ಬೋರಲು ಹಾಕಿ ನೋಡಿದವರಿಗೆ ಹಾಗೆ ತೋರದು.

ನಮ್ಮ ಮನೆಗಳಲ್ಲಿ ಮದುವೆಗೆ ಬಂದ ಪಾತ್ರೆಯ ಮೇಲೆ ಕೊಟ್ಟವರ ಹೆಸರನ್ನೂ ತಾರೀಖನ್ನೂ ಕೊರೆಸುವ ರೂಢಿಯುಂಟು. ವಿಮಾನದ ತಟ್ಟೆಯೂ ಅಂತಹುದೇ. ತಳದಲ್ಲಿ ತಯಾರಕರ ಮುದ್ರೆ, ಅಂಚಿನಲ್ಲಿ ಒಡೆಯರ ಲಾಂಛನ. ಬಲ್ಲವರು ಇವೆರಡರಿಂದಲೇ ಅದರ ಕಾಲವನ್ನು ಅಂದಾಜು ಮಾಡುತ್ತಾರೆ. ‘ಏರ್-ಇಂಡಿಯಾ ಇಂಟರ್‌ನ್ಯಾಷನಲ್’ ಎಂದು ಬರೆದಿದ್ದರೆ ಅದು 1962ಕ್ಕೆ ಹಿಂದಿನದೆಂದು ಊಹಿಸಬಹುದು. ಆ ವರ್ಷ ಸಂಸ್ಥೆಯು ತನ್ನ ಹೆಸರಿನ ಬಾಲವನ್ನು ಕತ್ತರಿಸಿಕೊಂಡಿತು. ಬ್ರಿಟನ್ನಿನ ಬಿ.ಓ.ಎ.ಸಿ. 1974ರಲ್ಲಿ ಬ್ರಿಟಿಷ್ ಏರ್‌ವೇಸ್‌ನಲ್ಲಿ ಲೀನವಾಯಿತು. ಅಮೆರಿಕಾದ ಪ್ಯಾನ್ ಆಮ್ 1991ರ ಡಿಸೆಂಬರಿನಲ್ಲಿ ಕಣ್ಣುಮುಚ್ಚಿತು. ಸಾಗರಗಳನ್ನು ದಾಟಿದ ಆ ಹೆಸರುಗಳು ಈಗ ಚಮಚದ ಹಿಡಿಯನ್ನು ಆಶ್ರಯಿಸಿ ಬದುಕಿವೆ.

ವಿಮಾನದೂಟದ ಮೊದಲು ಬಹು ಸರಳವಾದುದು. 1919ರ ಅಕ್ಟೋಬರ್ 11ರಂದು ಹ್ಯಾಂಡ್ಲಿ ಪೇಜ್ ಸಂಸ್ಥೆಯು ಲಂಡನ್-ಪ್ಯಾರಿಸ್ ಮಾರ್ಗದಲ್ಲಿ 3 ಷಿಲಿಂಗಿಗೆ ಒಂದರಂತೆ ಬುತ್ತಿಯ ಪೆಟ್ಟಿಗೆಗಳನ್ನು ಮಾರಿತು. ವಿಮಾನದಲ್ಲಿ ಒಲೆಯಿಲ್ಲದ ಕಾಲ. ಬುತ್ತಿ ತಣ್ಣಗೇ ಇತ್ತು. ಅಲ್ಲಿಂದ ಪಿಂಗಾಣಿ ತಟ್ಟೆ, ಗಾಜಿನ ಲೋಟ, ಬಿಳಿಯ ಮೇಜುಬಟ್ಟೆಗಳವರೆಗೆ ಊಟವು ಏರಿದುದಕ್ಕೆ ಕಾರಣ ನಾಲಗೆಯ ಚಾಪಲ್ಯವೊಂದೇ ಅಲ್ಲ. ಅಂತರರಾಷ್ಟ್ರೀಯ ಮಾರ್ಗಗಳ ದರವನ್ನು ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಯಾಟಾ ಗೊತ್ತುಮಾಡುತ್ತಿತ್ತು. ಬೆಲೆಯಲ್ಲಿ ಪೈಪೋಟಿ ನಡೆಸುವಂತಿರಲಿಲ್ಲ. ಆದ್ದರಿಂದ ಪೈಪೋಟಿಯು ತಟ್ಟೆಗೆ ಇಳಿಯಿತು.

1958ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಅಗ್ಗದ ದರ್ಜೆಯೊಂದು ಆರಂಭವಾಯಿತು. ಅದರ ಪ್ರಯಾಣಿಕರಿಗೆ ಸರಳವಾದ, ತಣ್ಣನೆಯ ಸ್ಯಾಂಡ್‌ವಿಚ್ಚನ್ನು ಮಾತ್ರ ಕೊಡತಕ್ಕದ್ದೆಂದು ಕಟ್ಟಳೆಯಾಯಿತು. ಸ್ಕ್ಯಾಂಡಿನೇವಿಯಾದ ಎಸ್.ಎ.ಎಸ್. ಸಂಸ್ಥೆಯವರು ಬ್ರೆಡ್ಡಿನ ಹೋಳೊಂದರ ಮೇಲೆ ಬಗೆಬಗೆಯ ಭಕ್ಷ್ಯಗಳನ್ನು ಪೇರಿಸಿ ಅದನ್ನೇ ಸ್ಯಾಂಡ್‌ವಿಚ್ ಎಂದರು. ಪ್ಯಾನ್ ಆಮ್ ದೂರು ಕೊಟ್ಟಿತು. ಪಂಚಾಯಿತಿ ನಡೆದು ಎಸ್.ಎ.ಎಸ್.ಗೆ 20,000 ಡಾಲರ್ ದಂಡ ಬಿತ್ತು. ಬ್ರೆಡ್ಡು ಕಣ್ಣಿಗೆ ಕಾಣುವಂತಿರಬೇಕೆಂದು ತೀರ್ಪಾಯಿತು. ಬಡ ದರ್ಜೆಯವನು ಬಡವನಂತೆಯೇ ಉಣ್ಣಬೇಕೆಂಬುದು ಆ ತೀರ್ಪಿನ ತಿರುಳು.

ಚಾಪೆಯ ಕೆಳಗೆ ತೂರಿದವರಿಗೆ ದಂಡ ಬಿದ್ದರೆ, ರಂಗೋಲಿಯ ಕೆಳಗೆ ತೂರಿದವರು ಡಚ್ಚರು. ಪ್ರಯಾಣಿಕರಿಗೆ ಬೆಲೆಬಾಳುವ ಉಡುಗೊರೆ ಕೊಡಬಾರದೆಂಬ ನಿಯಮವಿದ್ದ ಕಾಲದಲ್ಲಿ, 1952ರಿಂದ, ಕೆ.ಎಲ್.ಎಂ. ಸಂಸ್ಥೆಯು ತನ್ನ ದೇಶದ ಹಳೆಯ ಮನೆಗಳನ್ನು ಹೋಲುವ ನೀಲಿ-ಬಿಳಿಯ ಪುಟ್ಟ ಪಿಂಗಾಣಿ ಮನೆಗಳಲ್ಲಿ ಜೆನೆವರ್ ಎಂಬ ಮದ್ಯವನ್ನು ತುಂಬಿ ಹಂಚತೊಡಗಿತು. ಇತರರು ಆಕ್ಷೇಪಿಸಿದಾಗ, ‘ಪಾನೀಯವನ್ನು ಲೋಟದಲ್ಲಿಯೇ ಕೊಡಬೇಕೆಂಬ ಕಾನೂನುಂಟೆ?’ ಎಂದು ಆ ಸಂಸ್ಥೆ ಕೇಳಿತೆಂದು ಕಥೆ. ಸಂಸ್ಥೆಯ ಹುಟ್ಟುಹಬ್ಬವಾದ ಅಕ್ಟೋಬರ್ 7ರಂದು ಹೊಸ ಮನೆಯೊಂದನ್ನು ಹೊರತರುವ ಪದ್ಧತಿ ಬೆಳೆದು, 2019ರಲ್ಲಿ ನೂರನೆಯ ಮನೆಯಾಗಿ ಹೌಸ್ ಟೆನ್ ಬೋಷ್ ಅರಮನೆ ಬಂದಿತು.

ಇಂತಹ ಸ್ಪರ್ಧೆಯಲ್ಲಿ ಏರ್ ಇಂಡಿಯಾ ಹಿಂದುಳಿಯಲಿಲ್ಲ. 1967ರಲ್ಲಿ ಸ್ಪೇನಿನ ವಿಚಿತ್ರ ಪ್ರತಿಭೆಯ ಕಲಾವಿದ ಸಾಲ್ವದೋರ್ ಡಾಲಿಯಿಂದ ಅದು ಸಿಗರೇಟಿನ ಬೂದಿಬಟ್ಟಲೊಂದನ್ನು ರೂಪಿಸಿತು. ಊಟವಾದ ಮೇಲೆ ವಿಮಾನದಲ್ಲಿಯೇ ಹೊಗೆ ಬಿಡುತ್ತಿದ್ದ ದಿನಗಳವು. ನಡುವೆ ಚಿಪ್ಪು, ಸುತ್ತ ಹಾವು, ಕೆಳಗೆ ಆಧಾರವಾಗಿ ಆನೆಯ ಮುಖ ಮತ್ತು ಹಂಸ; ತಲೆಕೆಳಗು ಮಾಡಿದರೆ ಆನೆ ಹಂಸವಾಗುವುದು, ಹಂಸ ಆನೆಯಾಗುವುದು. ಕಲಾವಿದನು ಸಂಭಾವನೆಯಾಗಿ ಕೇಳಿದುದು ಒಂದು ಆನೆಮರಿಯನ್ನು! ಮರಿಯು ಬೆಂಗಳೂರಿನಿಂದ ಹೊರಟು ಜಿನೀವಾಕ್ಕೆ ವಿಮಾನದಲ್ಲಿ ಹಾರಿ, ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕದಕೇಸ್ ಊರಿಗೆ ತಲುಪಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆನ್ನುತ್ತಾರೆ. ಇಲ್ಲಿ ಆನೆ ಕೊಟ್ಟು ಮಾನವನ್ನು ಕೊಂಡಂತಾಯಿತು. ತಯಾರಾದ ಸುಮಾರು 500 ಬಟ್ಟಲುಗಳು ಮೊದಲ ದರ್ಜೆಯವರ ಪಾಲಾದವು. ಸಂಗ್ರಾಹಕರು ಇಂದಿಗೂ ಅವನ್ನು ಅರಸುತ್ತಾರೆ. ತವರನ್ನು ಬಿಟ್ಟು ಹೋದ ಮರಿಯ ಇಷ್ಟವನ್ನು ಮಾತ್ರ ಯಾರೂ ಕೇಳಿದಂತಿಲ್ಲ.

1978ರಲ್ಲಿ ಅಮೆರಿಕಾ ಸರ್ಕಾರವು ದೇಶದೊಳಗಿನ ವಿಮಾನದರದ ಮೇಲಿನ ಹಿಡಿತವನ್ನು ಸಡಿಲಿಸುವ ಶಾಸನ ಮಾಡಿತು. ಸ್ಪರ್ಧೆಯು ತಟ್ಟೆಯಿಂದ ಟಿಕೆಟ್ಟಿಗೆ ತಿರುಗಿತು. ಕ್ರಮೇಣ ಇತರ ದೇಶಗಳೂ ಆ ದಾರಿ ಹಿಡಿದವು; ಪಿಂಗಾಣಿಯಿದ್ದೆಡೆ ಪ್ಲಾಸ್ಟಿಕ್ಕು ಬಂದಿತು. 2001ರ ಸೆಪ್ಟೆಂಬರಿನ ಘೋರ ಕೃತ್ಯದ ಬಳಿಕ ಲೋಹದ ಚಾಕುವೂ ಬಹುಕಾಲ ಮರೆಯಾಯಿತು. 2003ರಲ್ಲಿ, ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿದಾಗ, ಟಿಕೆಟ್ಟಿನೊಡನೆ ಊಟವಿರಲಿಲ್ಲ. ಕೆಲವು ಟಿಕೆಟ್ಟುಗಳನ್ನು ಒಂದು ರೂಪಾಯಿಗೂ ಮಾರಿದುದುಂಟು. ತಟ್ಟೆ ಕಿರಿದಾದಂತೆ ವಿಮಾನದ ಬಾಗಿಲು ಹಿರಿದಾಯಿತು; ರೈಲಿನ ಜನ ಅದರೊಳಗೆ ಕಾಲಿಟ್ಟರು.

ಸಂಗ್ರಾಹಕರೆಲ್ಲರೂ ಬೆಳ್ಳಿ-ಪಿಂಗಾಣಿಗೇ ಮರುಳಾದವರಲ್ಲ. ಅಮೆರಿಕಾದ ಮಾನವಶಾಸ್ತ್ರಜ್ಞ ಜಾರ್ಜ್ ಫಾಸ್ಟರ್ ಅವರು ಲೋಕವನ್ನೆಲ್ಲ ಸುತ್ತುತ್ತ ವಿಮಾನಗಳಲ್ಲಿ ಕೊಡುತ್ತಿದ್ದ ಊಟದ ಪಟ್ಟಿಗಳನ್ನು ಜೋಪಾನ ಮಾಡಿ, ಅವುಗಳಲ್ಲಿ ಅನೇಕದರ ಮೇಲೆ ಊಟ ಹೇಗಿತ್ತೆಂದು ಟಿಪ್ಪಣಿ ಬರೆದಿಟ್ಟರು. ಆ ನೂರಾರು ಪಟ್ಟಿಗಳು ಈಗ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿವೆ. ತಟ್ಟೆ ತೊಳೆದರೆ ಊಟದ ಗುರುತು ಅಳಿಯುವುದು. ಉಂಡವನ ಬರಹ ಅಳಿಯದು.

ಅಂದಿನ ಪಿಂಗಾಣಿ ತಟ್ಟೆಯು ಎಷ್ಟು ಕಡಿಮೆ ಮಂದಿ ಹಾರಿದರೆಂಬುದಕ್ಕೆ ಸಾಕ್ಷಿ. ಇಂದಿನ ಕಾಗದದ ಲೋಟವು ಎಷ್ಟು ಹೆಚ್ಚು ಮಂದಿ ಹಾರುತ್ತಿದ್ದಾರೆಂಬುದಕ್ಕೆ ಸಾಕ್ಷಿ. ಮೊದಲನೆಯದನ್ನು ಕಾಪಾಡಲು ಬೀರುಗಳಿವೆ. ಎರಡನೆಯದು ಕಸದ ಬುಟ್ಟಿಗೆ ಹೋಗುತ್ತಿದೆ. ಒಂದು ಲೋಟವನ್ನಾದರೂ ತೊಳೆದು, ತಾರೀಖು ಬರೆದು ಎತ್ತಿಡುವ ಸಂಗ್ರಾಹಕನು ಇತಿಹಾಸದ ಉಳಿದರ್ಧವನ್ನೂ ಉಳಿಸಿದವನಾಗುತ್ತಾನೆ.