ಸಹಿ ಹಾಕಿಸಿಕೊಳ್ಳುವ ಕಾಗದ ಯಾರ ಭಾಷೆಯದು?

ಕನ್ನಡದ ಗೆಳೆಯರೇ, ನಿಮಗೊಂದು ಪ್ರಶ್ನೆ. ಅಂಗಡಿ ಬೋರ್ಡುಗಳಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು ಬೀದಿಗಿಳಿದಿರಿ. 2024ರಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿಯನ್ನೂ ತಂದಿತು. ಭೇಷ್! ಆದರೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಮ್ಮ ಅವ್ವನ ಕೈಗೆ ಕೊಡುತ್ತಾರಲ್ಲ, "ಇಲ್ಲಿ ಸಹಿ ಮಾಡಿ" ಎಂದು, ಆ ಕಾಗದದಲ್ಲಿ ಶೇಕಡಾ ಎಷ್ಟು ಕನ್ನಡವಿದೆ ಎಂದು ಎಂದಾದರೂ ನೋಡಿದ್ದೀರಾ?

ಒಮ್ಮೆ ರಾಯಬಾಗಕ್ಕೆ ಬನ್ನಿ. ಒಂದು ಕಾಲಕ್ಕೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದ, 1956ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಊರು. ಬೆಂಗಳೂರಿನ ಹುಡುಗರಿಗೆ ಇದು ನೆನಪಾಗುವುದು ಗಡಿ ಗಲಾಟೆ ಎದ್ದಾಗ ಮಾತ್ರ. ರಾಯಬಾಗದ ಸ್ಟೇಷನ್ನಿನಲ್ಲಿ ನಿಂತರೆ ರೈಲು ಒಂದು ಕಡೆ ಘಟಪ್ರಭಾ ದಾಟಿ ಬೆಳಗಾವಿಗೆ ಹೋಗುತ್ತದೆ, ಇನ್ನೊಂದು ಕಡೆ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮಿರಜಕ್ಕೆ. ಎದೆಯಲ್ಲಿ ಗಂಟು ಕಂಡ ಹೆಣ್ಣುಮಗಳು ಯಾವ ಗಾಡಿ ಹತ್ತುತ್ತಾಳೆ? ಹತ್ತಿರ ಇರುವುದನ್ನು! ಅಮೆರಿಕದ ಮಿಷನರಿ ಡಾಕ್ಟರ್ ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಮಿರಜದಲ್ಲಿ ಕೆಲಸ ಶುರುಮಾಡಿದಾಗಿನಿಂದ ಈ ಸೀಮೆಯ ಜನಕ್ಕೆ ದೊಡ್ಡ ಜಡ್ಡು ಅಂದರೆ ಮಿರಜದ ದವಾಖಾನಿ. ಇದನ್ನು ನಾಡದ್ರೋಹ ಎಂದು ಕೂಗುವವರು ಮೊದಲು ಬೆಂಗಳೂರಿನ ಕಿದ್ವಾಯಿ ಇಲ್ಲಿಂದ ಸುಮಾರು 600 ಕಿ.ಮೀ. ದೂರವಿದೆ ಎಂಬುದನ್ನು ನೆನಪಿಡಲಿ.

ಆ ಹೆಣ್ಣುಮಗಳು ಡಾಕ್ಟರ ಮುಂದೆ ಕೂರುವ ಹೊತ್ತಿಗೆ ಎಷ್ಟು ತಿಂಗಳು ಕಳೆದಿರುತ್ತವೆ? "ಎದಿಯಾಗ ಒಂದ ಗಂಟ ಆಗೇತಿ, ನೋವೇನಿಲ್ಲ, ಇರ್ಲಿ ಬಿಡ" ಎಂದು ಸೊಸೆಗೂ ಹೇಳದೆ ಸೆರಗಿನ ಮರೆಯಲ್ಲಿಟ್ಟುಕೊಂಡಿರುತ್ತಾಳೆ. ನೋಯದ ಗಂಟೇ ಮೋಸದ ಗಂಟು ಎಂದು ಅವಳಿಗೆ ಯಾರೂ ಹೇಳಿಲ್ಲ. ಎದೆ ಎಂಬ ಮಾತನ್ನೇ ನಾಲ್ಕು ಜನರ ನಡುವೆ ಆಡಲು ನಾಚುವ ಮನೆಗಳಿವು. ನಿಮ್ಮ ಮನೆಯೂ ಇದಕ್ಕೆ ಹೊರತಲ್ಲ, ಸುಮ್ಮನೆ ಹಳ್ಳಿಯವರನ್ನು ದೂರಬೇಡಿ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಹಿಂದೆ ಹೆಂಗಸರಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮುಂದಿತ್ತು, ಈಗ ಸ್ತನದ ಕ್ಯಾನ್ಸರ್ ಅದನ್ನು ಹಿಂದೆ ಹಾಕಿದೆ. ನಗರವೇ ಇದರ ದೊಡ್ಡ ಸೀಮೆ.

ಈಗ ಶಸ್ತ್ರಚಿಕಿತ್ಸೆಯ ಮಾತಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಸರ್ಜನ್ ಒಂದು ದಾರಿ ಹಾಕಿಕೊಟ್ಟ. ಎದೆ, ಅದರ ಕೆಳಗಿನ ಸ್ನಾಯು, ಕಂಕುಳಿನ ಗಂಟುಗಳು, ಎಲ್ಲವನ್ನೂ ಬಾಚಿ ತೆಗೆಯುವುದು! ಮುಕ್ಕಾಲು ಶತಮಾನ ಜಗತ್ತು ಅದನ್ನೇ ವೇದವಾಕ್ಯ ಎಂದು ನಂಬಿತು. ಆಮೇಲೆ ಇಟಲಿಯ ಮಿಲಾನಿನಲ್ಲಿ ವೆರೊನೇಸಿ 1973ರಲ್ಲಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ, ಹೆಂಗಸರನ್ನು ಗುಂಪು ಮಾಡಿ ಪರೀಕ್ಷೆಗೆ ನಿಂತರು. ಒಂದು ಗುಂಪಿಗೆ ಪೂರ್ತಿ ತೆಗೆಯುವುದು, ಇನ್ನೊಂದಕ್ಕೆ ಗಂಟನ್ನಷ್ಟೇ ತೆಗೆದು ವಿಕಿರಣ ಕೊಡುವುದು. 20 ವರ್ಷ ಕಾದು 2002ರಲ್ಲಿ ಲೆಕ್ಕ ಕೊಟ್ಟರು. ಬದುಕಿ ಉಳಿಯುವ ಲೆಕ್ಕದಲ್ಲಿ ಎರಡೂ ಗುಂಪು ಒಂದೇ! ಗಂಟು ಚಿಕ್ಕದಿದ್ದಾಗ ಬಂದವಳು ಎದೆ ಉಳಿಸಿಕೊಂಡೂ ಅಷ್ಟೇ ಕಾಲ ಬಾಳಬಹುದು.

ಆದರೆ ಅದಕ್ಕೊಂದು ಷರತ್ತಿದೆ. ಎದೆ ಉಳಿಸಿದರೆ ವಿಕಿರಣ ಆಗಲೇಬೇಕು. ವಾರಕ್ಕೆ ಐದು ದಿನ, ಮೂರರಿಂದ ಐದು ವಾರ. ಕಬ್ಬು ಕಡಿಯುವ ಮನೆಯ ಹೆಂಗಸು ದಿನಾ ಬೆಳಗಾವಿಗೋ ಹುಬ್ಬಳ್ಳಿಗೋ ಮಿರಜಕ್ಕೋ ಹೇಗೆ ಓಡಾಡುತ್ತಾಳೆ? ಎಲ್ಲಿ ಉಳಿಯುತ್ತಾಳೆ? "ಪೂರ್ತಿ ತಗದ ಬಿಡ್ರಿ, ಒಮ್ಮಿಗೇ ಮುಗೀಲಿ" ಅನ್ನುತ್ತಾಳೆ. ಅವಳ ಎದೆ ಹೋಯಿತು, ರೋಗದಿಂದಲ್ಲ, ಬಸ್ ಚಾರ್ಜಿನಿಂದ! ಬಡವರಿಗೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಚಿಕಿತ್ಸೆಯ ಖರ್ಚೇನೋ ಅದರಲ್ಲಿ ತೂಗುತ್ತದೆ. ಮೂರು ವಾರದ ಕೂಲಿ ಯಾರು ಕೊಡುತ್ತಾರೆ?

ಇಷ್ಟಾದರೂ, ಎರಡು ದಾರಿ ಇವೆ ಎಂದು ಅವಳಿಗೆ ಗೊತ್ತಾದರೆ ಅವಳೇ ಆರಿಸಲಿ. ಗೊತ್ತೇ ಆಗದಿದ್ದರೆ? 2008ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ. ಒಳಗೆ ಏನಾಗಿದೆ ಎಂದು ನೋಡಲು ಮಾತ್ರ ಒಪ್ಪಿದ್ದ ಹೆಣ್ಣುಮಗಳ ಗರ್ಭಕೋಶವನ್ನು, ಅವಳು ಅರಿವಳಿಕೆಯಲ್ಲಿದ್ದಾಗ, ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದಿತು ಕೋರ್ಟು. ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯ ಏನು, ಇವನ್ನು ರೋಗಿಗೆ ಹೇಳಬೇಕು ಎಂದಿತು. ನಾನು ಕೇಳುವುದಿಷ್ಟೆ: ಅವಳಿಗೆ ಬಾರದ ಇಂಗ್ಲಿಷಿನಲ್ಲಿ, ಓದಲು ಬಾರದ ಮರಾಠಿಯಲ್ಲಿ ಹೇಳಿದರೆ ಅದು ಹೇಳಿದ ಹಾಗಾಯಿತೇ?

ಥೈರಾಯ್ಡಿನ ವಿಷಯದಲ್ಲಂತೂ ಈ ಪ್ರಶ್ನೆ ಇನ್ನೂ ಹರಿತ. ಕೊರಳ ಮುಂದೆ ಚಿಟ್ಟೆಯ ಹಾಗೆ ಕೂತ ಈ ಗ್ರಂಥಿಯ ಬೆನ್ನಿಗೇ ಧ್ವನಿಯ ನರ ಹಾದುಹೋಗುತ್ತದೆ. ಎಡಕ್ಕೊಂದು, ಬಲಕ್ಕೊಂದು. ಒಂದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ, ಎರಡಕ್ಕೂ ಆದರೆ ಉಸಿರಿಗೇ ಸಂಚಕಾರ. ಸ್ವಿಟ್ಜರ್ಲೆಂಡಿನ ಕೋಹರ್ ಎಂಬ ಸರ್ಜನ್ನಿಗೆ 1909ರಲ್ಲಿ ನೊಬೆಲ್ ಬಂದದ್ದು ಈ ಗ್ರಂಥಿಯ ಮೇಲಿನ ಕೆಲಸಕ್ಕೇ. ಗ್ರಂಥಿಯ ಹಿಂದೆ ಕಾಳಿನಷ್ಟು ಚಿಕ್ಕ ಇನ್ನೂ ನಾಲ್ಕು ಗ್ರಂಥಿಗಳಿವೆ, ರಕ್ತದ ಕ್ಯಾಲ್ಸಿಯಂ ಕಾಯುವವು. ಅವಕ್ಕೆ ಏಟು ಬಿದ್ದರೆ ಒಂದೆರಡು ದಿನದಲ್ಲಿ ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಶುರು, ಆಮೇಲೆ ಕೈ ಸೆಟೆದುಕೊಳ್ಳುತ್ತದೆ. ಕೂಡಲೇ ಆಸ್ಪತ್ರೆಗೆ ಓಡಬೇಕು. ಇದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಕಳಿಸಿದರೆ ಹಾರೂಗೇರಿಯ ಮನೆಯಲ್ಲಿ ಅದನ್ನು ಓದುವವರು ಯಾರು? "ದೆವ್ವ ಬಡದೈತಿ" ಎಂದು ಅಂತ್ರ ಕಟ್ಟಿಸಲು ಹೋದರೆ ತಪ್ಪು ಯಾರದು?

ಥೈರಾಯ್ಡ್ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಬಗೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಎಂಬುದನ್ನೂ ಹೇಳಬೇಕು. ನಿಮ್ಮಂಥ ನಗರದವರಿಗೆ ಇನ್ನೊಂದು ಮಾತು. ಆರೋಗ್ಯ ಪ್ಯಾಕೇಜ್ ಎಂದು ಕೊರಳಿಗೆಲ್ಲ ಸ್ಕ್ಯಾನ್ ಮಾಡಿಸಿಕೊಂಡು ಓಡಾಡಬೇಡಿ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರಿನ ಲೆಕ್ಕ 15 ಪಟ್ಟಾಯಿತು, ಸಾವು ಮಾತ್ರ ಇಳಿಯಲಿಲ್ಲ. ಸಾವಿರಾರು ಜನ ಸುಮ್ಮನೆ ಕೊರಳು ಕೊಯ್ಸಿಕೊಂಡರು.

ಸಂಶೋಧನೆ ಎಂದರೆ ದೊರೆಗಳ ದೇಶದ್ದು ಎನ್ನುವ ಭ್ರಮೆ ಬಿಡಿ. ಮುಂಬಯಿಯಲ್ಲಿ ಟಾಟಾ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರ ಮೇಲೆ ಕಣ್ಣಿಟ್ಟರು. ಮೆಷಿನ್ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆ ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡುವುದು, ಅಷ್ಟೆ. 2021ರಲ್ಲಿ ಫಲ ಪ್ರಕಟವಾಯಿತು: 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30 ಕಡಿಮೆ. (ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಮುಚ್ಚಿಡಲಿಲ್ಲ.) ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಹೆರಿಗೆಯ ರಕ್ತಸ್ರಾವ ತಡೆಯುವ ಮಾತ್ರೆಯ ಪರೀಕ್ಷೆ ನಡೆಯಿತು. 1,620 ಬಾಣಂತಿಯರು, ಮಾತ್ರೆ ಕೊಟ್ಟವರು ಹಳ್ಳಿಯ ದಾದಿಯರು. 2006ರಲ್ಲಿ ಪ್ರಕಟವಾದ ಆ ಫಲ ಜಗತ್ತಿಗೇ ಉಪಯೋಗಕ್ಕೆ ಬಂತು. ಅಂದಮೇಲೆ ರಾಯಬಾಗದ ಆಶಾ ಕಾರ್ಯಕರ್ತೆಗೆ ಎದೆ ಮುಟ್ಟಿ ನೋಡುವುದನ್ನು ಸರಿಯಾಗಿ ಕಲಿಸುವುದು ಅಷ್ಟೊಂದು ಕಷ್ಟವೇ?

2023ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಮಹಾತ್ಮ ಫುಲೆ ಆರೋಗ್ಯ ಯೋಜನೆಯನ್ನು ಗಡಿಯ 865 ಹಳ್ಳಿಗಳಿಗೆ ಚಾಚಿತು. ರಾಜಕೀಯದ ವಾಸನೆ ಇಲ್ಲದಿರಲಿಲ್ಲ. ನಾವು ಕೂಗಿದೆವು, ಅದೂ ಸರಿ. ಆದರೆ ಆ ಕಡೆಯವರು ಕಾರ್ಡು ಹಿಡಿದು ಬಂದರೆ ನಾವು ಬರೀ ಬಾವುಟ ಹಿಡಿದು ಹೋಗುವುದೇ? ಗಂಟಾದವಳಿಗೆ ಬಾವುಟ ಏನು ಕೊಡುತ್ತದೆ?

2024ರಲ್ಲಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಲಿ ಎಂಬ ಮಾತೆದ್ದಿತು. ಬರೆಯಲಿ, ಸಂತೋಷ. ನನಗೆ ಅದು ಎರಡನೆಯ ಕೆಲಸ. ಚೀಟಿಯನ್ನು ಓದುವವನು ಔಷಧಿ ಅಂಗಡಿಯವನು. ಒಪ್ಪಿಗೆ ಪತ್ರ, ಡಿಸ್ಚಾರ್ಜ್ ಕಾರ್ಡು ಇವು ರೋಗಿಯವು. ಅವು ಮೊದಲು ಕನ್ನಡಕ್ಕೆ ಬರಲಿ. "ಸ್ತನೋಚ್ಛೇದನ" ಎಂಬ ಪಂಡಿತರ ಕನ್ನಡಕ್ಕಲ್ಲ ಮತ್ತೆ! "ಎದೆ ಪೂರ್ತಿ ತೆಗೆಯುವುದು", "ಗಂಟು ಮಾತ್ರ ತೆಗೆಯುವುದು, ಆಮೇಲೆ ಇಷ್ಟು ದಿನ ಕರೆಂಟು ಕೊಡುವುದು" ಎಂದು ಬರೆಯಲಿ. ಕಂಪ್ಯೂಟರ್ ಮುಂದೆ ಕೂತ ನಿಮಗೆ ಇದು ಒಂದು ಭಾನುವಾರದ ಕೆಲಸ. ಪರಿಚಯದ ಸರ್ಜನ್ ಒಬ್ಬರನ್ನು ಹಿಡಿಯಿರಿ, ತಪ್ಪು ತಿದ್ದಿಸಿ. ಬರೆದದ್ದನ್ನು ರಾಯಬಾಗದಲ್ಲಿ ನಾಲ್ಕು ಹೆಂಗಸರಿಗೆ ಓದಿ ಹೇಳಿ, ಅವರಿಗೆ ತಿಳಿಯದಿದ್ದರೆ ಹರಿದು ಹಾಕಿ ಮತ್ತೆ ಬರೆಯಿರಿ. ಮೊದಲನೆಯದು ಥೈರಾಯ್ಡಿನ ಡಿಸ್ಚಾರ್ಜ್ ಕಾರ್ಡಾಗಲಿ. ಒಂದೇ ಪುಟ ಸಾಕು: ಮಾತ್ರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಚಹಾಕ್ಕೆ ಅರ್ಧ ಗಂಟೆ ಮುಂಚೆ. ಬೆರಳು ಜುಮುಗುಟ್ಟಿದರೆ ಕೂಡಲೇ ಬನ್ನಿ, ರಾತ್ರಿಯಾದರೂ ಸರಿ.