ನೀರನ್ನು ಸೋಸುವ ಮನೆಯಲ್ಲಿ ನೋಟವನ್ನು ಸೋಸುವುದು ಬೇಡವೇ?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅನೇಕ ಶ್ರಾವಕರ ಅಡುಗೆಮನೆಗಳಲ್ಲಿ ಇಂದಿಗೂ ಒಂದು ಶಿಸ್ತು ಉಳಿದಿದೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಒಲೆಗೆ ಇಡುವುದಿಲ್ಲ. ಆಲೂಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟುವುದಿಲ್ಲ. ಸೂರ್ಯ ಮುಳುಗುವ ಮೊದಲೇ ಹಿರಿಯರ ಊಟ ಮುಗಿದಿರುತ್ತದೆ. ಅಕ್ಕಿ ಆರಿಸುವಾಗ ಹುಳುವೊಂದು ಕಂಡರೆ ಅದನ್ನು ಹೊಸಕದೆ ಕಾಗದದ ಮೇಲೆ ತೆಗೆದುಕೊಂಡು ಹೋಗಿ ತುಳಸಿಯ ಕುಂಡದ ಬಳಿ ಬಿಡುತ್ತಾರೆ.

ಅಂಥದೇ ಮನೆಯ ಪಡಸಾಲೆಯಲ್ಲಿ ಭಾನುವಾರ ಸಂಜೆ ಏಳು ಗಂಟೆಗೆ ಟಿ.ವಿ.ಯ ಪರದೆ ಬೆಳಗುತ್ತದೆ. ನಾಯಕನ ಕೈಯಲ್ಲಿ ಮಚ್ಚು ಇದೆ. ಮೂರು ನಿಮಿಷಗಳಲ್ಲಿ ಇಪ್ಪತ್ತು ಮಂದಿ ನೆಲಕ್ಕೆ ಉರುಳುತ್ತಾರೆ. ಒಂಬತ್ತನೆಯ ತರಗತಿಯ ಹುಡುಗ ಸಿಳ್ಳೆ ಹಾಕುತ್ತಾನೆ. ಕೈಯಲ್ಲಿ ಜಪಮಾಲೆ ಹಿಡಿದ ಅಜ್ಜಿಯೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ಮಧ್ಯಾಹ್ನ ಒಂದು ಹುಳುವಿನ ಪ್ರಾಣಕ್ಕೆ ಮರುಗಿದ ಮನೆ ಸಂಜೆ ಇಪ್ಪತ್ತು ಸಾವುಗಳಿಗೆ ಚಪ್ಪಾಳೆ ತಟ್ಟಿತೆಂಬುದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಮಕ್ಕಳಿಗೆ ಯಾವ ಚಲನಚಿತ್ರ ತೋರಿಸಬೇಕು ಎಂಬ ಪ್ರಶ್ನೆ ಬಂದಾಗ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಸಿನಿಮಾ ಎಂಬುದೇ ರಾಗದ್ವೇಷಗಳ ಬೀಡು, ಅದನ್ನು ಬಿಟ್ಟುಬಿಡುವುದೇ ಧರ್ಮ ಎಂಬುದು ಒಂದು. ಅದು ಬರೀ ನಟನೆ, ಮೂರು ಗಂಟೆಯ ಮನರಂಜನೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂಬುದು ಇನ್ನೊಂದು. ಮೊದಲನೆಯದು ಮುನಿಗಳಿಗೆ ಸಹಜ, ಮನೆಯಲ್ಲಿ ಹದಿಹರೆಯದವರು ಇರುವ ಗೃಹಸ್ಥನಿಗೆ ಅಸಾಧ್ಯ. ಪಡಸಾಲೆಯಲ್ಲಿ ಆರಿಸಿದ ಪರದೆ ಹುಡುಗನ ಅಂಗೈಯ ಮೊಬೈಲಿನಲ್ಲಿ ಹೊತ್ತಿಕೊಳ್ಳುತ್ತದೆ. ಎರಡನೆಯದು ಸುಲಭ, ಆದರೆ ಜೈನಾಗಮದ ಮುಂದೆ ನಿಲ್ಲುವುದಿಲ್ಲ. ಆಚಾರ್ಯರು ಗೃಹಸ್ಥನಿಗೆ ತೋರಿಸಿದ ದಾರಿ ಇವೆರಡರ ನಡುವೆ ಇದೆ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನಿಗಾಗಿಯೇ ರಚಿತವಾದ ಗ್ರಂಥ. ಅದರಲ್ಲಿ ಹೇಳಿದ ಮೂರು ಗುಣವ್ರತಗಳಲ್ಲಿ ಒಂದು ಅನರ್ಥದಂಡ ವ್ರತ. ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ಹೊಟ್ಟೆಪಾಡಿಗಾಗಿ ರೈತನು ನೆಲ ಉಳುವಾಗ ಜೀವಹಿಂಸೆ ಆಗುತ್ತದೆ, ಅದಕ್ಕೊಂದು ಅರ್ಥವಿದೆ. ಕೂತಲ್ಲಿಯೇ, ಯಾರಿಗೂ ಏನೂ ದಕ್ಕದೆ, ಮನಸ್ಸನ್ನು ಕೆಡಿಸಿಕೊಳ್ಳುವುದಕ್ಕೆ ಅದೂ ಇಲ್ಲ. ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಆಚಾರ್ಯರು ಇದನ್ನು ಐದಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಎರಡು ಇಂದಿನ ಪ್ರೇಕ್ಷಕನಿಗೆಂದೇ ಬರೆದಂತಿವೆ.

ಮನಸ್ಸನ್ನು ಕದಡುವ ಕತೆಗಳನ್ನು ಕೇಳುವುದು ದುಃಶ್ರುತಿ. ಆರಂಭ, ಪರಿಗ್ರಹ, ದುಸ್ಸಾಹಸ, ಮಿಥ್ಯಾತ್ವ, ದ್ವೇಷ, ರಾಗ, ಮದ, ಕಾಮ ಎಂದು ಕದಡುವ ಕಾರಣಗಳನ್ನೂ ಆಚಾರ್ಯರು ಎಣಿಸುತ್ತಾರೆ. ಕೊಲೆ, ಸೆರೆ, ಅಂಗಚ್ಛೇದ ಇತರರಿಗೆ ಒದಗಲಿ ಎಂದು ದ್ವೇಷದಿಂದ ಮನಸ್ಸಿನಲ್ಲೇ ಬಯಸುವುದು ಅಪಧ್ಯಾನ. ಚಿತ್ರಮಂದಿರದ ಕತ್ತಲೆಯಲ್ಲಿ ಕೂತವನು ಖಳನ ಕೈ ಕಡಿಯಲಿ, ಕತ್ತು ಸೀಳಲಿ ಎಂದು ಉಸಿರು ಬಿಗಿಹಿಡಿದು ಕಾಯುವ ಆ ಕ್ಷಣಕ್ಕೆ ಶಾಸ್ತ್ರದಲ್ಲಿ ಹೆಸರಿದೆ. ಚಿತ್ರಮಂದಿರಗಳು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಅದನ್ನು ಗುರುತಿಸಿ ಇಡಲಾಗಿತ್ತು.

“ಆದರೆ ಅದು ನಿಜವಾದ ರಕ್ತವಲ್ಲವಲ್ಲ, ತಾತ?” ಎಂದು ಮೊಮ್ಮಗ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಅದಕ್ಕೆ ಉತ್ತರ ಕನ್ನಡದಲ್ಲಿಯೇ ಇದೆ. 1209ರಲ್ಲಿ ಜನ್ನ ಬರೆದ ಯಶೋಧರ ಚರಿತೆಯಲ್ಲಿ ರಾಜ ಯಶೋಧರನು ನಿಜವಾದ ಪ್ರಾಣಿಯನ್ನು ಕೊಲ್ಲುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಡುತ್ತಾನೆ. ಅಲ್ಲಿ ರಕ್ತವಿಲ್ಲ, ಮಾಂಸವಿಲ್ಲ. ಇರುವುದು ಹಿಟ್ಟು ಮಾತ್ರ. ಆದರೂ ಕತ್ತಿ ಎತ್ತಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪದ ಫಲವಾಗಿ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಪರದೆಯ ಮೇಲಿನ ರಕ್ತ ಬಣ್ಣದ ನೀರೇ ಇರಬಹುದು. ಅದನ್ನು ಕಂಡು ಉಬ್ಬುವ ಸಂತೋಷ ಮಾತ್ರ ಬಣ್ಣದ ನೀರಲ್ಲ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂಬ ಕೃತ, ಕಾರಿತ, ಅನುಮೋದನೆಗಳನ್ನು ಜೈನಧರ್ಮ ಬೇರೆಬೇರೆಯಾಗಿ ಬಿಡಿಸಿ ಹೇಳಿದ್ದು ಇದಕ್ಕಾಗಿಯೇ. ಸಿಳ್ಳೆಯೂ ಅನುಮೋದನೆಯೇ.

ಹಾಗಾದರೆ ಹಿಂಸೆ ಇರುವ ಯಾವ ಚಿತ್ರವನ್ನೂ ನೋಡಬಾರದೇ? ಅವಸರದ ತೀರ್ಮಾನಕ್ಕೆ ಜೈನ ಸಾಹಿತ್ಯವೇ ಅಡ್ಡ ನಿಲ್ಲುತ್ತದೆ. ವಡ್ಡಾರಾಧನೆಯ 19 ಕತೆಗಳಲ್ಲಿ ಮನಸ್ಸು ನಡುಗಿಸುವ ಉಪಸರ್ಗಗಳಿವೆ. ಧ್ಯಾನಕ್ಕೆ ನಿಂತ ಸುಕುಮಾರಸ್ವಾಮಿಯ ದೇಹವನ್ನು ನರಿ ತನ್ನ ಮರಿಗಳೊಡನೆ ಮೂರು ರಾತ್ರಿ ತಿನ್ನುತ್ತದೆ. ಜನ್ನನು ಅಮೃತಮತಿಯ ಮೋಹವನ್ನು ಮುಚ್ಚಿಟ್ಟು ಹೇಳಿದವನಲ್ಲ. ಈ ಕತೆಗಳನ್ನು ಬಸದಿಗಳಲ್ಲಿ ಓದಿದ್ದಾರೆ, ಕೇಳಿದ್ದಾರೆ. ಇವು ದುಃಶ್ರುತಿ ಆಗಲಿಲ್ಲ. ಏಕೆಂದರೆ ಸುಕುಮಾರನ ಕತೆ ಕೇಳುವವನ ಮನಸ್ಸು ಕಚ್ಚುವ ಹಲ್ಲಿನ ಜೊತೆಗೆ ಹೋಗುವುದಿಲ್ಲ. ನೋವಿನಲ್ಲಿಯೂ ಕದಲದ ಮುನಿಯ ಜೊತೆಗೆ ನಿಲ್ಲುತ್ತದೆ.

ಚಲನಚಿತ್ರದ ಆಯ್ಕೆಗೂ ಇದೇ ಮೊದಲ ಅಳತೆಗೋಲು. ಚಿತ್ರದಲ್ಲಿ ಎಷ್ಟು ಹಿಂಸೆ ಇದೆ ಎಂಬುದಕ್ಕಿಂತ ಆ ಹಿಂಸೆ ನಡೆಯುವಾಗ ನೋಡುವವನನ್ನು ಯಾರ ಪಕ್ಕದಲ್ಲಿ ಕೂರಿಸುತ್ತದೆ ಎಂಬುದು ಮುಖ್ಯ. ಹೊಡೆಯುವವನ ಪಕ್ಕದಲ್ಲೋ, ಹೊಡೆಸಿಕೊಳ್ಳುವವನ ಪಕ್ಕದಲ್ಲೋ?

ಸರ್ಕಾರದ ಪ್ರಮಾಣಪತ್ರ ಈ ಪ್ರಶ್ನೆಗೆ ಉತ್ತರ ಕೊಡಲಾರದು. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಯಿತು. ಯು ಮತ್ತು ಎ ನಡುವಿನ ಯುಎ ವರ್ಗವನ್ನು 7, 13, 16 ವರ್ಷ ಮೇಲ್ಪಟ್ಟವರಿಗೆಂದು ಮೂರಾಗಿ ಒಡೆಯಲಾಯಿತು. ಅಂತರ್ಜಾಲದ ಚಿತ್ರವೇದಿಕೆಗಳಿಗೂ 2021ರ ನಿಯಮಗಳು ಇಂಥದೇ ವರ್ಗೀಕರಣವನ್ನು ವಿಧಿಸಿ, 13 ವರ್ಷ ಮತ್ತು ಅದಕ್ಕೆ ಮೇಲಿನ ವರ್ಗದ ಚಿತ್ರಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಬೇಕೆಂದಿವೆ. ಇವು ಉಪಯುಕ್ತ ಏರ್ಪಾಡುಗಳೇ. ಆದರೆ ಯುಎ ಗುರುತು ತಂದೆತಾಯಿಗೆ ಕೊಡುವ ಸೂಚನೆಯಷ್ಟೇ; ನಿರ್ಧಾರ ಮನೆಯದು. ಮಂಡಳಿಯು ರಕ್ತದ ಪ್ರಮಾಣವನ್ನು, ಮಾತಿನ ಒರಟುತನವನ್ನು ಅಳೆಯಬಲ್ಲದು. ಒಬ್ಬನ ಕುಂಟು ಕಾಲನ್ನೋ ಮೈಬಣ್ಣವನ್ನೋ ಹಾಸ್ಯವೆಂದು ತೋರಿಸುವ, ಹಣವೊಂದೇ ಗೆಲುವೆಂದು ಸಾರುವ ಚಿತ್ರಕ್ಕೆ ಯು ಪ್ರಮಾಣಪತ್ರ ಸಿಗಲು ಅಡ್ಡಿಯಿಲ್ಲ. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳನ್ನು ಅಳೆಯುವ ಮಂಡಳಿ ಎಲ್ಲಿಯೂ ಇಲ್ಲ. ಆ ಕೆಲಸ ಶ್ರಾವಕನ ಮನೆಯಲ್ಲೇ ಆಗಬೇಕು.

ಆ ಅಳತೆಗೆ ತೂಗುವ ಚಿತ್ರಗಳಿಗೆ ಕನ್ನಡದಲ್ಲಿ ಬರವಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕತೆಯನ್ನು ಆಧರಿಸಿ ಸಿದ್ದಲಿಂಗಯ್ಯನವರು 1974ರಲ್ಲಿ ನಿರ್ದೇಶಿಸಿದ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಜಗಳವಿದೆ, ಹಗೆಯಿದೆ, ಕೋರ್ಟು ಕಚೇರಿಯ ಅಲೆದಾಟವಿದೆ. ಆದರೆ ಅಯ್ಯು ಮತ್ತು ಗುಳ್ಳನ ವೈರ ಎರಡು ಮನೆಗಳನ್ನೂ ಹೇಗೆ ತಿನ್ನುತ್ತದೆ, ಕೊನೆಗೆ ಹೇಗೆ ಕರಗುತ್ತದೆ ಎಂಬುದೇ ಅದರ ತಿರುಳು. ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಯ ಕುರಿತು ಪ್ರವಚನ ಕೇಳಿ ಬಂದ ಮಕ್ಕಳಿಗೆ ಪರ್ವ ಮುಗಿದ ಮೇಲೆ ಈ ಚಿತ್ರ ತೋರಿಸಿದರೆ, ಪ್ರವಚನದಲ್ಲಿ ಶಬ್ದವಾಗಿ ಕೇಳಿದ್ದು ಮನುಷ್ಯರ ಮುಖವಾಗಿ ಎದುರು ನಿಲ್ಲುತ್ತದೆ. 1971ರ ‘ಕಸ್ತೂರಿ ನಿವಾಸ’ದಲ್ಲಿ ಡಾ. ರಾಜ್‌ಕುಮಾರ್ ಅವರ ಪಾತ್ರ ಕೊಡುತ್ತ ಕೊಡುತ್ತ ಬರಿಗೈ ಆಗುತ್ತದೆ. ಪಾತ್ರಾಪಾತ್ರ ವಿವೇಕವಿಲ್ಲದ ದಾನ ಸರಿಯೇ ಎಂದು ಚರ್ಚಿಸಲು ಅದೊಂದು ಒಳ್ಳೆಯ ಪಾಠ.

ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ ಹೊಡೆದಾಟವೇ ಇಲ್ಲ. ನಿವೃತ್ತ ನೌಕರನೊಬ್ಬ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ; ಅಷ್ಟರಲ್ಲಿ ಹೆಂಡತಿ ಕಾಯಿಲೆಯಿಂದ ತೀರಿಕೊಳ್ಳುತ್ತಾಳೆ. ಯಾರೂ ಅವಳನ್ನು ಕೊಲ್ಲಲಿಲ್ಲ. ಕಡತವನ್ನು ಬದಿಗೆ ಸರಿಸಿದರು, ಅಷ್ಟೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಏಕೆ ಮುಂದಿಟ್ಟಿತೆಂಬುದು ಈ ಚಿತ್ರ ನೋಡಿದ ಹದಿನಾರರ ಹುಡುಗಿಗೆ ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ನಾಳೆ ಅವಳೂ ಒಂದು ಕಚೇರಿಯ ಮೇಜಿನ ಹಿಂದೆ ಕೂರುವವಳೇ.

ಹಳೆಯ ಚಿತ್ರಗಳು ಬೇಡ ಎನ್ನುವ ಮಕ್ಕಳಿಗೆ ಹೊಸವೂ ಇವೆ. ಮುಚ್ಚಿಹೋಗಲಿರುವ ಗಡಿನಾಡಿನ ಕನ್ನಡ ಶಾಲೆಗಾಗಿ ಮಕ್ಕಳೇ ಹೋರಾಡುವ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ರಾಷ್ಟ್ರಪ್ರಶಸ್ತಿ ಪಡೆದ ಮಕ್ಕಳ ಚಿತ್ರ. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಮರೆವಿನ ಕಾಯಿಲೆಯ ತಂದೆಯನ್ನು ಮಗ ಹುಡುಕುತ್ತಾನೆ. ಅದರಲ್ಲಿ ಕೊಲೆಗಾರರೂ ಇದ್ದಾರೆ, ಬಂದೂಕೂ ಇದೆ. ಆದರೆ ಚಿತ್ರ ನೋಡುವವನನ್ನು ಕೂರಿಸುವುದು ದಾರಿ ತಪ್ಪಿದ ಆ ಮುದುಕನ ಪಕ್ಕದಲ್ಲಿ. ಸಣ್ಣ ಮಕ್ಕಳಿಗೆ ಅದು ಬೇಡ. ತಂದೆಯ ಫೋನಿಗೆ ಉತ್ತರಿಸಲು ಬೇಸರಪಡುವ ಪ್ರಾಯದವರಿಗೆ ಬೇಕು.

ಇನ್ನೊಂದು ಅಳತೆ ಪ್ರಮಾಣದ್ದು. ಒಳ್ಳೆಯ ಚಿತ್ರವೂ ಮಿತಿ ಮೀರಿದರೆ ಭೋಗವೇ. ಕೆಂಗೇರಿಯ ಕಡೆ ಸಾಗುವ ಮೆಟ್ರೊದಲ್ಲಿ ತಲೆ ಬಾಗಿಸಿ ಧಾರಾವಾಹಿಯ ನಾಲ್ಕನೆಯ ಕಂತು ನೋಡುವ ವಿದ್ಯಾರ್ಥಿಗೆ ಐದನೆಯದು ತಾನಾಗಿಯೇ ಆರಂಭವಾಗುತ್ತದೆ. ನಿಲ್ಲಿಸಲು ಶ್ರಮ ಬೇಕು, ಮುಂದುವರಿಸಲು ಬೇಡ. ಭೋಗೋಪಭೋಗ ಪರಿಮಾಣ ವ್ರತ ಈ ತಿರುವನ್ನು ಮರಳಿ ಸರಿಪಡಿಸುತ್ತದೆ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಸಮಂತಭದ್ರರು ನಿಯಮಕ್ಕೆ ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟಿದ್ದಾರೆ. ವಾರಕ್ಕೊಂದೇ ಚಿತ್ರ, ಅದೂ ಎಲ್ಲರೂ ಕೂಡಿ. ಅಷ್ಟಮಿ, ಚತುರ್ದಶಿಯಂದು ಪರದೆಗೆ ವಿಶ್ರಾಂತಿ. ದಶಲಕ್ಷಣದ ಹತ್ತು ದಿನ ಪೂರ್ಣ ಬಿಡುವು. ಇಷ್ಟು ನಿಯಮ ಹದಿನೈದರ ಹುಡುಗನಿಗೂ ಭಾರವಲ್ಲ, ಅದು ಹಿರಿಯರಿಗೂ ಅನ್ವಯಿಸುವುದಾದರೆ.

ಈ ‘ಆದರೆ’ಯಲ್ಲೇ ತೊಡಕಿರುವುದು. ರಾತ್ರಿ ಎಂಟರಿಂದ ಹತ್ತರವರೆಗೆ ಅತ್ತೆ ಸೊಸೆಗೆ ವಿಷ ಹಾಕುವ, ತಮ್ಮ ಅಣ್ಣನ ಆಸ್ತಿಗೆ ಸಂಚು ಹೂಡುವ ಧಾರಾವಾಹಿಗಳನ್ನು ಒಂದು ದಿನವೂ ತಪ್ಪಿಸದ ಮನೆ ಹುಡುಗನ ಮೊಬೈಲನ್ನು ಕಸಿದುಕೊಂಡರೆ ಅವನು ಕಲಿಯುವುದು ಸಂಯಮವನ್ನಲ್ಲ, ದೊಡ್ಡವರ ಕಾಪಟ್ಯವನ್ನು. ಮಚ್ಚಿನ ಕ್ರೋಧ ಕಣ್ಣಿಗೆ ಕಾಣುತ್ತದೆ. ಸಂಚಿನ ಮಾಯೆ ನಗುಮುಖದಿಂದ ಬರುತ್ತದೆ. ಕಷಾಯಗಳಲ್ಲಿ ಅವೆರಡೂ ಒಂದೇ ಪಂಕ್ತಿಯವು.

ಆಯ್ಕೆಯ ಮಾತುಕತೆಯಲ್ಲಿ ಕಿರಿಯರಿಗೂ ಸ್ಥಾನವಿರಬೇಕು. ಅನೇಕಾಂತವನ್ನು ವೇದಿಕೆಯಲ್ಲಿ ಕೊಂಡಾಡುವವರು ಮನೆಯಲ್ಲಿ ಏಕಾಂತವಾದಿಗಳಾಗಿರುವುದುಂಟು. ಮಗ ಮೆಚ್ಚಿದ ಚಿತ್ರವನ್ನು ನೋಡದೆಯೇ ಹೀಗಳೆಯುವ ತಂದೆ ಒಂದು ನಯವನ್ನೇ ಪ್ರಮಾಣವೆಂದು ಹಿಡಿದಂತೆ. ಅವನೊಡನೆ ಕೂತು ನೋಡಿ, ಮುಗಿದ ಮೇಲೆ ಕೇಳಬಹುದು: ಯಾರ ನೋವು ನಿನಗೆ ಕಂಡಿತು? ಯಾರ ನೋವನ್ನು ಚಿತ್ರ ನೋಡಗೊಡಲಿಲ್ಲ? ಸತ್ತ ಇಪ್ಪತ್ತು ಜನರಲ್ಲಿ ಒಬ್ಬನಿಗಾದರೂ ಹೆಸರಿತ್ತೇ, ಮನೆಯಿತ್ತೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಹುಡುಗ ಮುಂದಿನ ಚಿತ್ರದಲ್ಲಿ ಸಿಳ್ಳೆ ಹಾಕುವ ಮೊದಲು ಒಂದು ಗಳಿಗೆ ತಡೆಯುತ್ತಾನೆ. ಆ ಗಳಿಗೆಯೇ ವ್ರತದ ಮೊಳಕೆ. ಯಶೋಧರನ ಕತೆಯನ್ನು ಮಾರಿದತ್ತ ರಾಜನಿಗೆ ಹೇಳಿ ಅವನ ಕೈಯ ಕತ್ತಿಯನ್ನು ಕೆಳಗಿಳಿಸಿದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿ ಎಂಬುದನ್ನು ಹಿರಿಯರು ಮರೆಯಬಾರದು. ಕಿರಿಯರ ಬಾಯಿಂದಲೂ ಧರ್ಮ ಕೇಳಿಬರುತ್ತದೆ.

ಪಂಪನ ಆದಿಪುರಾಣದಲ್ಲಿ ವೃಷಭದೇವನ ಆಸ್ಥಾನಕ್ಕೆ ಇಂದ್ರನು ನೀಲಾಂಜನೆ ಎಂಬ ನರ್ತಕಿಯನ್ನು ಕಳುಹಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಕ್ಷಣಾರ್ಧದಲ್ಲಿ ಅವಳಂಥದೇ ಇನ್ನೊಂದು ರೂಪವನ್ನು ಆ ಜಾಗದಲ್ಲಿ ನಿಲ್ಲಿಸುತ್ತಾನೆ. ನೃತ್ಯ ತಡೆಯಿಲ್ಲದೆ ಸಾಗುತ್ತದೆ, ಸಭೆ ಮೈಮರೆತು ನೋಡುತ್ತದೆ. ಚಲನಚಿತ್ರದ ಗುಟ್ಟೂ ಇದೇ ಅಲ್ಲವೇ? ಸೆಕೆಂಡಿಗೆ 24 ಸ್ಥಿರಚಿತ್ರಗಳು ಒಂದು ಹೋಗಿ ಇನ್ನೊಂದು ಬಂದು ನಿಲ್ಲುತ್ತವೆ. ಕಣ್ಣಿಗೆ ಅದು ಅಖಂಡ ಚಲನೆ. ವೃಷಭದೇವನು ಸಭೆಯಿಂದ ಎದ್ದು ಹೋಗಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ಎಲ್ಲರೂ ನೋಡಿದ್ದನ್ನೇ ನೋಡಿದನು. ಎಲ್ಲರಿಗೂ ತಪ್ಪಿಹೋದದ್ದು ಅವನಿಗೆ ಕಂಡಿತು. ಅಲ್ಲಿಂದಲೇ ಅವನ ವೈರಾಗ್ಯ ಮೊದಲಾಯಿತು.

ಗೃಹಸ್ಥನ ಮನೆಗೆ ಅಷ್ಟು ಎತ್ತರದ ನೋಟ ಒಂದೇ ದಿನಕ್ಕೆ ಬಾರದು. ನವರಂಗ್ ಚಿತ್ರಮಂದಿರದ ಮುಂದೆ ಟಿಕೆಟಿಗೆ ನಿಂತಾಗ, ಇಲ್ಲವೇ ಪಡಸಾಲೆಯಲ್ಲಿ ರಿಮೋಟು ಕೈಗೆತ್ತಿಕೊಂಡಾಗ, ಅಡುಗೆಮನೆಯ ಆ ಬಿಳಿಯ ಬಟ್ಟೆ ಒಮ್ಮೆ ನೆನಪಾದರೆ ಸಾಕು. ಸೋಸುವ ಅಭ್ಯಾಸ ಆ ಮನೆಗೆ ಹೊಸದಲ್ಲ.